ಮೈಸೂರಿನಿಂದ ಹುಬ್ಬಳ್ಳಿಗೆ ಸಂಸಾರ ಸಾಗಿಸುತ್ತಿದ್ದೇವೆ, ನಿಮ್ಮ ಅನುಭವ ಹೇಳಿ

ಕೇಳಿದವರು, ಮೈಸೂರು

ನಮಸ್ಕಾರ. ನಮ್ಮವರಿಗೆ ಹುಬ್ಬಳ್ಳಿಗೆ ವರ್ಗವಾಗಿದೆ. ಮೇ ತಿಂಗಳಲ್ಲಿ ಹೊರಡಬೇಕು. ಮನೆಯಲ್ಲಿ ನಾವಿಬ್ಬರು, 9 ವರ್ಷದ ಮಗಳು, 72 ವರ್ಷದ ಅತ್ತೆ. ಅತ್ತೆ ಮದುವೆಯಾಗಿ ಬಂದಾಗಿನಿಂದ ಒಂದೇ ಬೀದಿಯಲ್ಲಿ ಬಾಳಿದವರು. ಹೊರಡುವ ಮಾತು ಬಂದ ದಿನದಿಂದ ಮಾತೇ ಕಡಿಮೆ ಮಾಡಿದ್ದಾರೆ. ಮಗಳಿಗೆ ಅಲ್ಲಿಯ ಮಾತು ಅರ್ಥವಾಗುತ್ತೋ ಇಲ್ಲವೋ ಅನ್ನೋ ಭಯ. ಹುಬ್ಬಳ್ಳಿಯಲ್ಲೇ ಮನೆ ಮಾಡೋದಾ, ಧಾರವಾಡದಲ್ಲಾ? ನೀರಿನ ತೊಂದರೆ ಇದೆಯಂತೆ, ನಿಜವಾ? ಹೀಗೆ ಊರು ಬದಲಿಸಿದವರು ದಯವಿಟ್ಟು ತಿಳಿಸಿ.

ಹುಬ್ಬಳ್ಳಿಯಿಂದ, ತುಮಕೂರು ಬಿಟ್ಟು 6 ವರ್ಷವಾದವರು

ನಮ್ಮ ಮನೆಯಲ್ಲೂ ಅತ್ತೆ ಇದ್ದಾರೆ. ಅದಕ್ಕೇ ನಿಮ್ಮ ಪ್ರಶ್ನೆ ಓದಿದ ಕೂಡಲೇ ಬರೆಯಲು ಕೂತೆ. ಎಲ್ಲಕ್ಕಿಂತ ಮೊದಲು ಇದನ್ನು ಹೇಳಿಬಿಡುತ್ತೇನೆ: ದಿನವಿಡೀ ಮನೆಯಲ್ಲಿ ಇರುವವರು ಯಾರೋ, ಅವರನ್ನು ನೋಡಿ ಮನೆ ಹುಡುಕಿ. ನಾವು ಹಾಗೆ ಮಾಡಲಿಲ್ಲ.

ನಮ್ಮವರ ಆಫೀಸು ಗೋಕುಲ ರಸ್ತೆಯಲ್ಲಿ. ಹತ್ತಿರದಲ್ಲೇ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಮನೆ ಸಿಕ್ಕಿತು. ಲಿಫ್ಟ್ ಇತ್ತು, ಗಾಳಿ ಬೆಳಕು ಚೆನ್ನಾಗಿತ್ತು, ಮಕ್ಕಳ ಸ್ಕೂಲ್ ವ್ಯಾನು ಗೇಟಿಗೇ ಬರುತ್ತಿತ್ತು. ಎಲ್ಲರಿಗೂ ಅನುಕೂಲ ಅಂದುಕೊಂಡೆವು. ಆ ಎಲ್ಲರಲ್ಲಿ ಅತ್ತೆಯನ್ನು ಸೇರಿಸಿಕೊಂಡಿರಲಿಲ್ಲ. ಬೆಳಗ್ಗೆ 9ಕ್ಕೆ ನಾವೆಲ್ಲ ಹೊರಟರೆ ಸಂಜೆವರೆಗೆ ಅವರೊಬ್ಬರೇ. ಎದುರಿನ ಮನೆಗಳ ಬಾಗಿಲು ಯಾವಾಗಲೂ ಮುಚ್ಚಿರುತ್ತಿತ್ತು. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೆಳಗೆ ನಿಲ್ಲಿಸಿದ ಗಾಡಿಗಳನ್ನು ನೋಡುತ್ತಾ ಕೂರುತ್ತಿದ್ದರು. ಎರಡು ತಿಂಗಳಲ್ಲಿ ಊಟ ಅರ್ಧವಾಯಿತು, ನಿದ್ದೆ ಹೋಯಿತು. ಡಾಕ್ಟರಿಗೆ ತೋರಿಸಿದೆವು. ರಕ್ತ ಪರೀಕ್ಷೆ, ಬಿ.ಪಿ., ಎಲ್ಲ ಸರಿಯಾಗಿಯೇ ಇತ್ತು.

ಒಂದು ಸಂಜೆ ನಾನು ಬಂದಾಗ ಅತ್ತೆ ನಮ್ಮ ಮಹಡಿಯ ಲಿಫ್ಟಿನ ಎದುರು ನಿಂತಿದ್ದರು. ತಲೆ ಬಾಚಿ, ಚಪ್ಪಲಿ ಹಾಕಿಕೊಂಡಿದ್ದರು. "ಎಲ್ಲಿಗೆ ಹೊರಟ್ರಿ ಅಮ್ಮ?" ಅಂದೆ. "ಎಲ್ಲಿಗೂ ಇಲ್ಲ ಕಣಮ್ಮ. ಯಾರಾದ್ರೂ ಬರ್ತಾರೇನೋ ಅಂತ ನಿಂತೆ" ಅಂದರು. ಆ ರಾತ್ರಿಯೇ ನಾವಿಬ್ಬರೂ ಮನೆ ಬದಲಿಸುವ ಮಾತಾಡಿದೆವು.

11 ತಿಂಗಳ ಕರಾರು ಮುಗಿಯುವವರೆಗೂ ಕಾಯಲಿಲ್ಲ. ಕೇಶ್ವಾಪುರದ ಕಡೆ ಒಂದು ಹಳೆ ಓಣಿಯಲ್ಲಿ ನೆಲದ ಮೇಲಿನ ಮನೆ ಹಿಡಿದೆವು. ಚಿಕ್ಕ ಮನೆ. ಅಡುಗೆಮನೆಯಲ್ಲಿ ಹಗಲೂ ಲೈಟು ಬೇಕು. ಆದರೆ ಬಾಗಿಲ ಮುಂದೆ ಕಟ್ಟೆ ಇದೆ. ಮೂರನೇ ದಿನವೇ ಎದುರುಮನೆಯ ಅಜ್ಜಿ ಒಂದು ಬಟ್ಟಲು ಶೇಂಗಾ ಚಟ್ನಿ ಹಿಡಿದು ಬಂದು, "ಯಾ ಊರಾವ್ರಬೇ ನೀವು?" ಅಂತ ಕೇಳುತ್ತಾ ಅತ್ತೆಯ ಪಕ್ಕ ಕೂತರು. ಆಮೇಲೆ ದಿನಾ ಬೆಳಗ್ಗೆ 11ಕ್ಕೆ ಇಬ್ಬರೂ ಕಟ್ಟೆಯ ಮೇಲೆ. ಮಧ್ಯೆ ಒಂದು ಮೊರ, ಅದರಲ್ಲಿ ಮೆಂತ್ಯ. ಅತ್ತೆ "ಸೊಪ್ಪು ಬಿಡಿಸೋದು" ಅನ್ನುತ್ತಾರೆ, ಅವರು "ಪಲ್ಯೆ ಸೋಸೂದು" ಅನ್ನುತ್ತಾರೆ. ಕೆಲಸ ಒಂದೇ ಅಲ್ವಾ. ತಿಂಗಳೊಳಗೆ ಅತ್ತೆ ಎರಡು ಸಲ ಬಡಿಸಿಕೊಂಡು ಉಣ್ಣುವಂತಾದರು.

ಹಾಗಾಗಿ ಮನೆ ನೋಡಲು ಬರುವಾಗ ಅತ್ತೆಯನ್ನೂ ಕರೆದುಕೊಂಡು ಬನ್ನಿ. ಬೆಳಗ್ಗೆ 11ರ ಹೊತ್ತಿಗೆ ಬಂದು ನೋಡಿ. ಆ ಹೊತ್ತಿನಲ್ಲಿ ಓಣಿಯಲ್ಲಿ ಯಾರು ಕೂತಿರುತ್ತಾರೋ ಅವರೇ ಅತ್ತೆಯ ಜನ. ಸಂಜೆ ಬಂದು ನೋಡಿದರೆ ಅದು ಗೊತ್ತಾಗುವುದಿಲ್ಲ.

ನೀರಿನ ವಿಷಯ ನಿಜ. ಇಲ್ಲಿಗೆ ಮುಖ್ಯವಾಗಿ ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದ ನೀರು ಬರುತ್ತದೆ, ಹುಬ್ಬಳ್ಳಿಗೆ ನೀರಸಾಗರದ್ದೂ ಇದೆ. 2008ರಿಂದಲೇ ಕೆಲವು ವಾರ್ಡುಗಳಲ್ಲಿ 24 ಗಂಟೆ ನೀರು ಬರುತ್ತಿದೆ. ಉಳಿದ ಎಷ್ಟೋ ಓಣಿಗಳಲ್ಲಿ ಕೆಲವು ದಿನಕ್ಕೊಮ್ಮೆ ಬಿಡುತ್ತಾರೆ. ಮನೆ ಮಾಲೀಕರನ್ನು "ನೀರು ಇದೆಯಾ" ಅಂತ ಕೇಳಬೇಡಿ, "ಇದೆ" ಅಂತಲೇ ಹೇಳುತ್ತಾರೆ. "ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತಿಗೆ, ಸಂಪಿನಲ್ಲಿ ಎಷ್ಟು ಹಿಡಿಯುತ್ತೆ, ಬೋರಿನ ನೀರು ಸವುಳಾ?" ಅಂತ ಕೇಳಿ. ಅದೇ ಪ್ರಶ್ನೆಗಳನ್ನು ಪಕ್ಕದ ಮನೆಯವರಿಗೂ ಕೇಳಿ. ನಮ್ಮ ಓಣಿಯಲ್ಲಿ ಮೊದಲ ಸಲ ನೀರು ಬಂದಾಗ ಬೆಳಗಿನ ಜಾವ 4 ಗಂಟೆ. ಯಾರೋ ಬಾಗಿಲು ಬಡಿದರು. ಏನಾಯಿತೋ ಅಂತ ಎದೆ ಹೊಡೆದುಕೊಂಡಿತು. ತೆರೆದರೆ ಪಕ್ಕದ ಮನೆಯ ವೈನಿ, ಅತ್ತಿಗೆಗೆ ಇಲ್ಲಿ ಹಾಗೆ ಅನ್ನುತ್ತಾರೆ. "ಅಕ್ಕಾರ, ನೀರ ಬಂದಾವ್ರಿ! ಏಳ್ರಿ, ತುಂಬ್ರಿ!" ಅಂತ ಹೇಳಿ ಮುಂದಿನ ಮನೆ ಬಾಗಿಲಿಗೆ ಹೋದರು. ಈಗ ಅವರು ಊರಿಗೆ ಹೋದರೆ ಅವರ ಮನೆ ನೀರು ತುಂಬುವುದು ನಾನೇ.

ಇನ್ನೊಂದು. ಇಲ್ಲಿ ಬಹಳ ಕಡೆ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಒಣಗಿ ಬಿರಿಯುತ್ತದೆ, ಅದರ ಜೊತೆಗೆ ಗೋಡೆಯೂ ಬಿರುಕು ಬಿಡುತ್ತದೆ. ಹೊಸದಾಗಿ ಬಣ್ಣ ಹೊಡೆದ ಮನೆಯಾದರೆ ಬಾಗಿಲು ಕಿಟಕಿಯ ಮೂಲೆಗಳನ್ನು ಸರಿಯಾಗಿ ನೋಡಿ.

ಕಾಗದಪತ್ರ ಬೇಗ ಹೇಳುತ್ತೇನೆ. ಗ್ಯಾಸ್ ಸಿಲಿಂಡರ್, ರೆಗ್ಯುಲೇಟರ್ ಮೈಸೂರಿನಲ್ಲೇ ಏಜೆನ್ಸಿಗೆ ಕೊಟ್ಟು ವರ್ಗಾವಣೆ ಚೀಟಿ ತನ್ನಿ. ಗೃಹಜ್ಯೋತಿ ಇದ್ದರೆ ಹಳೆ ಮನೆಯ ವಿದ್ಯುತ್ ಮೀಟರಿನ ಆರ್.ಆರ್. ನಂಬರಿನಿಂದ ನಿಮ್ಮ ಆಧಾರ್ ಡಿ-ಲಿಂಕ್ ಮಾಡಿಸಿ. ಇಲ್ಲದಿದ್ದರೆ ಇಲ್ಲಿಯ ವಿದ್ಯುತ್ ಕಂಪನಿ ಹೆಸ್ಕಾಂನ ಮೀಟರಿಗೆ ಸೇರಿಸಲು ಆಗುವುದಿಲ್ಲ. ಮಗಳ ಟಿ.ಸಿ. ಜೊತೆ ಸ್ಯಾಟ್ಸ್ ನಂಬರ್ (ಪ್ರತಿ ವಿದ್ಯಾರ್ಥಿಗೂ ಇರುವ ಸರ್ಕಾರಿ ನಂಬರ್) ಬರೆದಿಟ್ಟುಕೊಳ್ಳಿ, ಇಲ್ಲಿಯ ಶಾಲೆಯವರು ಅದನ್ನೇ ಮೊದಲು ಕೇಳುತ್ತಾರೆ.

ಊಟಕ್ಕೆ ಹೆದರಬೇಡಿ. ರಾಗಿ ಸಿಗುತ್ತದೆ, ಆದರೆ ನಮ್ಮ ಕಡೆಯಷ್ಟು ಎಲ್ಲ ಅಂಗಡಿಯಲ್ಲಿ ಇರಲ್ಲ. ಮೊದಲ ತಿಂಗಳಿಗೆ ಹಿಟ್ಟು ತಂದುಬಿಡಿ. ಅತ್ತೆಗೆ ಮುದ್ದೆ ಒಂದು ಹೊತ್ತಾದರೂ ತಪ್ಪಬಾರದು. ರೊಟ್ಟಿಯನ್ನು ನಿಧಾನಕ್ಕೆ ಕಲಿಯಿರಿ. ನಾನು ಮೂರು ವಾರ ರೊಟ್ಟಿ ಬಡಿದೆ, ಮೂರು ವಾರವೂ ಅಂಚು ಹರಿಯುತ್ತಿತ್ತು. ಎದುರುಮನೆಯ ಅಜ್ಜಿ ಬಂದು ಹಿಟ್ಟನ್ನು ಬೆರಳಲ್ಲಿ ಒತ್ತಿ ನೋಡಿ, "ಹಿಟ್ಟ ಹಳೇದಾಗೇತಿ, ಜಿಗಿ ಇಲ್ಲ" ಅಂದರು. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟು ಇಲ್ಲ. ಎಸರು ಕುದಿಸಿ ಹಾಕಿ, ಬಿಸಿಯಲ್ಲೇ ನಾದಿದರೆ ಹಿಡಿದುಕೊಳ್ಳುತ್ತದೆ. ಹಿಟ್ಟು ಗಿರಣಿಯಿಂದ ಹೊಸದಾಗಿ ಬಂದಿರಬೇಕು. ಒಂದು ವಾರಕ್ಕೆ ಆಗುವಷ್ಟೇ ಬೀಸಿಸಿ. ಅತ್ತೆಗೆ ಹಲ್ಲಿನ ತೊಂದರೆ ಇದ್ದರೆ ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಕೊಡಿ.

ಧಾರವಾಡದಿಂದ, ಮಗನ ತಂದೆ

ನಮಸ್ಕಾರ ಅಕ್ಕಾರ. ನಾವು ಶಿವಮೊಗ್ಗದವರು. ನನ್ನ ಕೆಲಸ ಹುಬ್ಬಳ್ಳಿಯಲ್ಲಿ, ಮನೆ ಮಾತ್ರ ಧಾರವಾಡದ ಸಪ್ತಾಪುರದಲ್ಲಿ. ಎರಡೂ ಊರು ಒಂದೇ ಅಂತ ಎಲ್ಲರೂ ಹೇಳುತ್ತಾರೆ. ಎರಡಕ್ಕೂ ಸೇರಿ ಒಂದೇ ಮಹಾನಗರ ಪಾಲಿಕೆ ಮಾಡಿದ್ದರು, ನಿಜ. ದಾರಿ ಮಾತ್ರ 20 ಕಿಲೋಮೀಟರ್. 2018ರಿಂದ ಚಿಗರಿ ಬಸ್ ಓಡುತ್ತಿದೆ, ಅದಕ್ಕೇ ಬೇರೆ ರಸ್ತೆ ಇದೆ, ಬಸ್ಸಿಗೆ ಕಾಯುವುದು ಕಡಿಮೆ. ಆದರೂ ಮನೆಯಿಂದ ನಿಲ್ದಾಣ, ಅಲ್ಲಿಂದ ಆಫೀಸು ಸೇರಿ ಹೋಗಲು ನನಗೆ ಒಂದು ಗಂಟೆಗಿಂತ ಜಾಸ್ತಿ ಬೇಕು. ಸಂಜೆ ನಿಂತೇ ಬರುತ್ತೇನೆ. ಮಗ ಮಲಗುವ ಮೊದಲು ಅರ್ಧ ಗಂಟೆ ಅವನ ಜೊತೆ ಕೂತರೆ ಹೆಚ್ಚು. ನಿಮ್ಮವರ ಆಫೀಸು ಹುಬ್ಬಳ್ಳಿ ಊರೊಳಗೆ ಇದ್ದರೆ ಮೊದಲ ವರ್ಷ ಹುಬ್ಬಳ್ಳಿಯಲ್ಲೇ ಇರಿ. ಹೊಸ ಊರಿನಲ್ಲಿ ಅಪ್ಪ ಸಂಜೆ 6ಕ್ಕೆ ಮನೆಯಲ್ಲಿರುವುದು ಮಗುವಿಗೆ ಬೇಕು. ಆಫೀಸು ಧಾರವಾಡದ ದಾರಿಯಲ್ಲಿರುವ ನವನಗರ, ಉಣಕಲ್ಲಿನ ಕಡೆ ಇದ್ದರೆ ಧಾರವಾಡವನ್ನೂ ನೋಡಬಹುದು.

ನಾವು ಧಾರವಾಡ ಬಿಡದೇ ಇರುವುದು ನಮ್ಮ ತಂದೆಯವರಿಗಾಗಿ. ಇಲ್ಲಿ ಬಿಸಿಲು ಸ್ವಲ್ಪ ಕಡಿಮೆ, ಜೂನ್ ಬಂತೆಂದರೆ ಜಿಟಿಜಿಟಿ ಮಳೆ, ಶಿವಮೊಗ್ಗದವರಿಗೆ ಅದು ನೆಮ್ಮದಿ. ಬೆಳಗ್ಗೆ ಕೆಲಗೇರಿ ಕೆರೆ ಕಡೆ ನಡೆಯುತ್ತಾರೆ. ಸಂಜೆ 1890ರಲ್ಲಿ ಶುರುವಾದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಭಾಷಣವೋ ಹಾಡೋ ಇದ್ದರೆ ಹೋಗಿ ಕೂರುತ್ತಾರೆ. ಅಲ್ಲಿ ಅವರ ವಯಸ್ಸಿನ ನಾಲ್ಕು ಜನ ಸಿಕ್ಕಿದ್ದಾರೆ. ಮೇಲಿನವರು ಹೇಳಿದ ಕಟ್ಟೆಯೇ ನಮ್ಮ ತಂದೆಗೆ ಇಲ್ಲಿ ಸಿಕ್ಕಿದೆ ಅನ್ನಿ.

ಮಗಳ ಮಾತಿನ ಬಗ್ಗೆ. ನನ್ನ ಮಗ ಆಗ ಎರಡನೇ ಕ್ಲಾಸು. ಮೊದಲ ವಾರ ಅಳುತ್ತಾ ಬಂದ. ಪಕ್ಕದ ಬೆಂಚಿನ ಹುಡುಗ ಬೈದನಂತೆ. ಏನಂದ ಅಂದರೆ, "ಯಾಕಲೇ ಒಬ್ನ ಕುಂತಿ, ಬಾರಲೇ ಆಡೂಣು" ಅಂದನಂತೆ! ಆ ಹುಡುಗ ಆಟಕ್ಕೆ ಕರೆದದ್ದು. ಇಲ್ಲಿ "ಲೇ" ಅನ್ನುವುದು ಗೆಳೆತನದ ಮಾತು. ಇನ್ನೊಂದು ದಿನ ಟೀಚರು "ನಾಳೆ ಸಾಲಿ ಸೂಟಿ" ಅಂದಿದ್ದಾರೆ. ಇವನಿಗೆ ತಿಳಿಯಲಿಲ್ಲ. ಬೆಳಗ್ಗೆ ನಾನೂ ಅವನೂ ಬೀಗ ಹಾಕಿದ ಗೇಟಿನ ಮುಂದೆ ನಿಂತಿದ್ದೆವು. ಅವನ ಮುಖ ಬಾಡಿಹೋಗಿತ್ತು. ಅಂದಿನಿಂದ ರಾತ್ರಿ ಊಟಕ್ಕೆ ಕೂತಾಗ ಅವತ್ತು ಕೇಳಿದ ಹೊಸ ಮಾತು ಒಂದೊಂದು ಹೇಳುವ ರೂಢಿ ಮಾಡಿದೆವು. ಸಾಲಿ (ಶಾಲೆ), ಸೂಟಿ (ರಜೆ), ಖೋಲಿ (ಕೋಣೆ), ಚಾವಿ (ಬೀಗದ ಕೈ), ಗಾದಿ (ಹಾಸಿಗೆ). "ಅಡ್ಡಿಯಿಲ್ಲ" ಅಂದರೆ ಒಪ್ಪಿಗೆ ಅಂತ ನಾನೂ ಊಟದ ಹೊತ್ತಿಗೇ ಕಲಿತೆ. ದೀಪಾವಳಿ ಹೊತ್ತಿಗೆ ಅವನ ಬಾಯಲ್ಲಿ ಇಲ್ಲಿಯ ಮಾತೇ ಬರುತ್ತಿತ್ತು. ಮಗಳು ಮನೆಯಲ್ಲಿ ಇಲ್ಲಿಯ ಮಾತು ಆಡಿದರೆ ತಿದ್ದಬೇಡಿ, ಅಕ್ಕಾರ. ಅದು ಅವಳು ಗೆಳತಿಯರಿಂದ ತಂದದ್ದು.

ಗದಗದಿಂದ

ನಮ್ಮದು ಉಲ್ಟಾ ಕಥೆ. ಹುಬ್ಬಳ್ಳಿಯಿಂದ ಗದಗಿಗೆ ಬಂದೆವು, 60 ಕಿಲೋಮೀಟರ್ ಅಷ್ಟೇ. ಹತ್ತಿರ ಅಲ್ವಾ ಅಂತ ಮೊದಲ ಆರು ತಿಂಗಳು ನಮ್ಮವರೊಬ್ಬರೇ ಹೋದರು, ನಾನು ಮಕ್ಕಳ ಜೊತೆ ಹುಬ್ಬಳ್ಳಿಯಲ್ಲಿ ಉಳಿದೆ. ಅದು ಬೇಡ ಅಂತ ಹೇಳಲು ಬರೆಯುತ್ತಿದ್ದೇನೆ. ಶನಿವಾರ ರಾತ್ರಿ ಬಂದರೆ ಭಾನುವಾರ ಬರೀ ಬಿಲ್ಲು, ರಿಪೇರಿ, ಜಗಳ. ನಾವು ಗದಗಿಗೆ ಬರುವ ಹೊತ್ತಿಗೆ ಅವರಿಗೆ ಅಂಗಡಿ, ಡಾಕ್ಟರು, ಗೆಳೆಯರು ಎಲ್ಲ ಗೊತ್ತು. ನನಗೆ ಏನೂ ಗೊತ್ತಿಲ್ಲ. ಹಾಲಿಗೂ ಅವರನ್ನೇ ಕೇಳಬೇಕು. ನನ್ನ ಮನೆಯಲ್ಲಿ ನಾನೇ ನೆಂಟಳಾಗಿದ್ದೆ. ಸಾಧ್ಯವಾದರೆ ಎಲ್ಲರೂ ಒಟ್ಟಿಗೆ ಹೋಗಿ, ಒಟ್ಟಿಗೆ ದಾರಿ ತಪ್ಪಿ, ಒಟ್ಟಿಗೆ ಕಲಿಯಿರಿ.

ನನಗೆ ಕೈ ಹಿಡಿದದ್ದು ವೀರನಾರಾಯಣ ಗುಡಿ. ಗುರುವಾರ ಗುರುವಾರ ಅದೇ ಹೊತ್ತಿಗೆ ಹೋಗುತ್ತಿದ್ದೆ. ನಾಲ್ಕನೇ ವಾರ ಹೂ ಮಾರುವವಳು "ಇವತ್ತ ತಡಾ ಆತಲ್ರೀ ಅಕ್ಕಾರ" ಅಂದಳು. ನಾನು ಬರುವುದನ್ನು ಕಾಯುವ ಒಬ್ಬಳು ಈ ಊರಲ್ಲಿ ಇದ್ದಾಳೆ ಅನಿಸಿತು. ನಿಮ್ಮ ಅತ್ತೆಗೆ ಹುಬ್ಬಳ್ಳಿಯಲ್ಲಿ ಸಿದ್ಧಾರೂಢ ಮಠ ಇದೆ. ಹೊತ್ತು, ವಾರ ಬದಲಿಸದೆ ಕರೆದುಕೊಂಡು ಹೋಗಿ.

ಹಾವೇರಿಯಿಂದ, ಇಲ್ಲಿಯೇ ಹುಟ್ಟಿ ಬೆಳೆದವರು

ನಾನು ಊರು ಬದಲಿಸಿಲ್ಲ. ನಮ್ಮ ಓಣಿಗೆ ಬಂದವರನ್ನು ನೋಡಿದ್ದೇನೆ, ಆ ಕಡೆಯಿಂದ ಹೇಳುತ್ತೇನೆ. ನಾವು ಫೋನ್ ಮಾಡಿ ಬರುವುದಿಲ್ಲ. ಸುಮ್ನೆ ಬರುತ್ತೇವೆ, "ಏನ್ ಮಾಡಾಕತ್ತೀರಿ" ಅಂತ ಕೇಳುತ್ತೇವೆ. ಅದು ವಿಚಾರಣೆ ಅಲ್ಲ. ನಮ್ಮ ಪಕ್ಕಕ್ಕೆ ಬೆಂಗಳೂರು ಕಡೆಯ ಹುಡುಗಿ ಬಂದಿದ್ದಳು. ಬಾಗಿಲಲ್ಲೇ ನಿಂತು ಮಾತಾಡಿ ಕಳಿಸುತ್ತಿದ್ದಳು. ನಮ್ಮ ತಾಯಿ ಎರಡು ಸಲ ಹೋಗಿ ಮೂರನೇ ಸಲ ಹೋಗಲಿಲ್ಲ. ಅವಳಿಗೆ ಬೇಡವಾಗಿದೆ ಅಂದುಕೊಂಡರು. ಪಾಪ, ಆ ಹುಡುಗಿಗೆ ಮನೆ ಹರಡಿಕೊಂಡಿದೆ ಅಂತ ಸಂಕೋಚ. ಇಬ್ಬರಿಗೂ ಒಂದು ವರ್ಷ ಹೋಯಿತು. ಡಬ್ಬಗಳು ಬಿಚ್ಚದೇ ಇದ್ದರೂ "ಒಳಗ ಬರ್ರಿ" ಅನ್ನಿ, ಅರ್ಧ ಕಪ್ ಚಹಾ ಕೊಡಿ. ಯಾರಾದರೂ ಬಟ್ಟಲಲ್ಲಿ ಏನಾದರೂ ಕೊಟ್ಟರೆ ಖಾಲಿ ಬಟ್ಟಲು ತಿರುಗಿಸಬೇಡಿ. ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕಳಿಸಿ.

ಮೇ ತಿಂಗಳಲ್ಲಿ ಬಂದರೆ ಮುಂದೆ ಶ್ರಾವಣದಲ್ಲಿ ನಾಗರ ಪಂಚಮಿ. ನಮ್ಮ ಕಡೆ ಅದು ಹೆಣ್ಣುಮಕ್ಕಳ ಹಬ್ಬ, ಉಂಡಿ, ಜೋಕಾಲಿ ಎಲ್ಲ ಇರುತ್ತದೆ. ಮಗಳನ್ನು ಜೋಕಾಲಿಗೆ ಕಳಿಸಿ. ದಸರೆಯಲ್ಲಿ ಸಂಜೆ ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗುತ್ತೇವೆ, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂತ ಹೇಳಿ ಹಿರಿಯರ ಕಾಲಿಗೆ ಬೀಳುತ್ತೇವೆ. ನಿಮ್ಮ ಅತ್ತೆ ಮೈಸೂರು ದಸರಾ ನೆನೆದು ನೋಯುವ ದಿನ ಅದೇ ಇರಬಹುದು. ಅವತ್ತು ಅವರನ್ನು ಮನೆಯಲ್ಲೇ ಕೂರಿಸಿ, ಬಾಗಿಲು ತೆರೆದಿಡಿ. ಓಣಿಯ ಮಕ್ಕಳೆಲ್ಲ ಬಂದು ಕಾಲಿಗೆ ಬೀಳುತ್ತವೆ.

ಕೇಳಿದವರು, ಮೈಸೂರು

ನಿಮ್ಮ ಉತ್ತರಗಳನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದೆ. ಲಿಫ್ಟಿನ ಮುಂದೆ ನಿಂತಿದ್ದ ಅಮ್ಮನ ಮಾತು ಬಂದಾಗ ಕಣ್ಣೊರೆಸಿಕೊಂಡರು. ಆಮೇಲೆ ಎಷ್ಟೋ ದಿನಕ್ಕೆ ತಾವಾಗಿ ಒಂದು ಪ್ರಶ್ನೆ ಕೇಳಿದರು. ಮನೆಯಲ್ಲಿ ಅವರೇ ಬೆಳೆಸಿದ ತುಳಸಿ ಇದೆ, ಲಾರಿಯಲ್ಲಿ ಬಂದರೆ ಉಳಿಯುತ್ತಾ ಅಂತ. ಮೇ ಬಿಸಿಲು ಬೇರೆ.

ಹುಬ್ಬಳ್ಳಿಯಿಂದ

ಲಾರಿಯಲ್ಲಿ ಬೇಡ. ನಮ್ಮದು ಹಾಗೇ ಒಣಗಿತು. ರಾತ್ರಿ ರೈಲಿಗೆ ಬನ್ನಿ. ಹಿಂದಿನ ದಿನ ನೀರು ಹಾಕಿ, ಮಣ್ಣಿನ ಮೇಲೆ ಒದ್ದೆ ಬಟ್ಟೆ ಕಟ್ಟಿ, ಚಿಕ್ಕ ಕುಂಡದಲ್ಲಿ ಕೈಯಲ್ಲೇ ತನ್ನಿ. ಒಂದು ಹಿಡಿ ಬೀಜವನ್ನೂ ಕಾಗದದಲ್ಲಿ ಕಟ್ಟಿಕೊಳ್ಳಿ. ಬಂದ ಮೇಲೆ ಒಂದು ವಾರ ನೆರಳಿನಲ್ಲಿಡಿ. ಇಲ್ಲಿಯ ಎರೆ ಮಣ್ಣು ನೀರು ಹಿಡಿದುಕೊಳ್ಳುತ್ತದೆ, ಬೇರು ಕೊಳೆಯುತ್ತದೆ. ಅರ್ಧ ಕೆಂಪು ಮಣ್ಣು ಬೆರೆಸಬೇಕು. ನಮ್ಮ ಮನೆಯಲ್ಲಿ ಒಂದು ಚೀಲ ಇದೆ, ತೆಗೆದಿಟ್ಟಿರುತ್ತೇನೆ.