ಸಹಾಯ ಬೇಕು: ಸಿಇಟಿ ರಸಾಯನಶಾಸ್ತ್ರಕ್ಕೆ ಸರಿಯಾದ ಪ್ರಶ್ನೆಕೋಶ ಯಾವುದು?

ಎಲ್ಲರಿಗೂ ನಮಸ್ಕಾರ. ದ್ವಿತೀಯ ಪಿಯುಸಿ ಹುಡುಗಿಯೊಬ್ಬಳಿಗೆ ಕೆಸಿಇಟಿ ತಯಾರಿಗೆ ಪುಸ್ತಕ ಆರಿಸಬೇಕಿದೆ. ಭೌತಶಾಸ್ತ್ರ, ಗಣಿತಕ್ಕೆ ಸಿಕ್ಕಿವೆ, ತಲೆನೋವು ರಸಾಯನಶಾಸ್ತ್ರದ್ದೇ.

ಓದಲು ಎನ್‌ಸಿಇಆರ್‌ಟಿ ಪಠ್ಯವೇ ಸಾಕು, ಅದರ ಬಗ್ಗೆ ಅನುಮಾನವಿಲ್ಲ. ಬೇಕಿರುವುದು ಅಭ್ಯಾಸದ ಪ್ರಶ್ನೆಗಳು. ಅಂಗಡಿಯಲ್ಲಿ "ಹೊಸ ಆವೃತ್ತಿ" ಅಂತ ಕೊಡುವ ಹಲವು ಪುಸ್ತಕಗಳ ಪರಿವಿಡಿ ತೆರೆದರೆ ಘನ ಸ್ಥಿತಿ, ಮೇಲ್ಮೈ ರಸಾಯನಶಾಸ್ತ್ರ, ಪಾಲಿಮರ್ ಹಾಗೇ ಕೂತಿವೆ. ಪಠ್ಯದಿಂದ ತೆಗೆದ ಅಧ್ಯಾಯಗಳು ಇವು! ರಟ್ಟು ಮಾತ್ರ ಹೊಸದು. 2024ರಲ್ಲಿ ಪಠ್ಯದಾಚೆಯ ಪ್ರಶ್ನೆಗಳ ಗಲಾಟೆಯಾಗಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟಿದ್ದು ನೆನಪಿದೆಯಲ್ಲ, ಹಾಗಾಗಿ ಆ ವರ್ಷದ ಪತ್ರಿಕೆಯನ್ನೂ ಕಣ್ಣುಮುಚ್ಚಿ ಕೊಡುವಂತಿಲ್ಲ.

ನೀಟ್ ಪುಸ್ತಕವನ್ನೇ ಕೊಡಿ ಎನ್ನುವವರಿದ್ದಾರೆ. ಪ್ರಶ್ನೆ ಚೆನ್ನಾಗಿರುತ್ತವೆ, ನಿಜ. ಆದರೆ ಅಲ್ಲಿ ತಪ್ಪಿಗೆ 1 ಅಂಕ ಕಳೆಯುತ್ತಾರೆ, ಗೊತ್ತಿಲ್ಲದ್ದನ್ನು ಬಿಡುವುದು ರೂಢಿಯಾಗುತ್ತದೆ. ಸಿಇಟಿಯಲ್ಲಿ ಋಣಾಂಕವಿಲ್ಲ, ಖಾಲಿ ಬಿಟ್ಟರೆ ನಷ್ಟ. 60 ಪ್ರಶ್ನೆಗೆ 80 ನಿಮಿಷ, ಅಂದರೆ ಒಂದಕ್ಕೆ 80 ಸೆಕೆಂಡು. ಓಎಂಆರ್ ವೃತ್ತ ತುಂಬುವ ಹೊತ್ತೂ ಅದರಲ್ಲೇ.

ಈ ಮೂರು ಇರುವ ಪುಸ್ತಕ ಯಾರಾದರೂ ಬಳಸಿದ್ದರೆ ಹೇಳಿ: ಈಗಿನ ಪಠ್ಯಕ್ಕೆ ಹೊಂದುವ ಅಧ್ಯಾಯಗಳು, ಉತ್ತರದ ಜೊತೆ ವಿವರಣೆ (ಬರೀ ಎ, ಬಿ, ಸಿ, ಡಿ ಪಟ್ಟಿ ಬೇಡ), ಬಿಡಿ ಓಎಂಆರ್ ಹಾಳೆ. ಸಾವಯವ ಭಾಗದ ಕೀ ಉತ್ತರಗಳಲ್ಲಿ ತಪ್ಪು ಜಾಸ್ತಿ ಕಂಡಿದ್ದರೆ ಅದನ್ನೂ ತಿಳಿಸಿ. ಪರಿವಿಡಿಯ ಫೋಟೋ ಹಾಕಿದರೆ ಇನ್ನೂ ಉಪಕಾರ.