ಮೊದಲ ದೂರದ ಪಯಣ: ರಿಗ್ಗಿಂಗ್ ಬದಲಿಸಬೇಕಾ, ವಾಟರ್‌ಮೇಕರ್ ಹಾಕಿಸಬೇಕಾ?

ಕಡಲಹಕ್ಕಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಯಜಮಾನ್ರು ಸೇರಿ 34 ಅಡಿಯ ಒಂದು ಫೈಬರ್‌ಗ್ಲಾಸ್ ಸ್ಲೂಪ್ (ಒಂದೇ ಹಾಯಿಕಂಬದ ದೋಣಿ) ಕೊಂಡಿದ್ದೇವೆ. 1980ರ ದಶಕದ ದೋಣಿ. ಇಲ್ಲಿಯವರೆಗೆ ದಡ ಬಿಟ್ಟು ದೂರ ಹೋಗಿಲ್ಲ. ಬೆಳಿಗ್ಗೆ ಹಾಯಿ ಏರಿಸುವುದು, ಸಂಜೆ ಲಂಗರು ಹಾಕುವುದು, ಗಾಳಿ ಜಾಸ್ತಿ ಅನ್ನಿಸಿದರೆ ಅವತ್ತು ಹೊರಡದೇ ಇರುವುದು. ಮುಂದಿನ ಹಂಗಾಮಿಗೆ ತೆರೆದ ಸಮುದ್ರದಲ್ಲಿ ಹತ್ತು ದಿನದಷ್ಟು ಹಿಡಿಯುವ ಪಯಣ ಮಾಡಬೇಕು ಅಂತ ಇಬ್ಬರಿಗೂ ಆಸೆ.

ದೋಣಿ ಪರೀಕ್ಷಿಸಿದ ಸರ್ವೇಯರ್, ಹಲ್ (ದೋಣಿಯ ಹೊರಮೈ) ಗಟ್ಟಿಯಾಗಿದೆ ಅಂದರು. ರಿಗ್ಗಿಂಗ್ (ಮಾಸ್ಟ್, ಅಂದರೆ ಹಾಯಿಕಂಬವನ್ನು ಹಿಡಿದು ನಿಲ್ಲಿಸುವ ತಂತಿಗಳು) ಬಗ್ಗೆ ಮಾತ್ರ ‘ವಯಸ್ಸು ತಿಳಿದಿಲ್ಲ, ಹೊರಗಿನಿಂದ ದೋಷ ಕಾಣಲಿಲ್ಲ’ ಅಂತ ಬರೆದು ಬಿಟ್ಟಿದ್ದಾರೆ. ನಮಗೂ ತಂತಿಗಳು ಹೊಳೆಯುತ್ತಿರುವ ಹಾಗೆಯೇ ಕಾಣುತ್ತವೆ. ಎರಡು ಶ್ರೌಡ್‌ಗಳ (ಮಾಸ್ಟನ್ನು ಪಕ್ಕದಿಂದ ಹಿಡಿಯುವ ತಂತಿಗಳು) ಕೆಳತುದಿಯಲ್ಲಿ ಸ್ವಲ್ಪ ಚಹಾ ಬಣ್ಣದ ಕಲೆ ಇದೆ, ಅಷ್ಟೇ. ಕೈಯಲ್ಲಿರುವ ದುಡ್ಡು ಒಂದು ದೊಡ್ಡ ಕೆಲಸಕ್ಕೆ ಮಾತ್ರ ಸಾಲುತ್ತದೆ. ಒಂದೋ ಸ್ಟ್ಯಾಂಡಿಂಗ್ ರಿಗ್ಗಿಂಗ್ ಪೂರ್ತಿ ಹೊಸದು, ಇಲ್ಲವೇ ವಾಟರ್‌ಮೇಕರ್ (ಸಮುದ್ರದ ನೀರನ್ನು ಸಿಹಿನೀರು ಮಾಡುವ ಮೆಷಿನ್) ಜೊತೆಗೆ ಹೊಸ ಚಾರ್ಟ್‌ಪ್ಲಾಟರ್ (ನಕ್ಷೆಯ ಮೇಲೆ ದೋಣಿಯ ಜಾಗ ತೋರಿಸುವ ಪರದೆ). ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಹಳೆಹಗ್ಗ ಬರೆದದ್ದು:

ರಿಗ್ಗಿಂಗ್ ಮಾಡಿಸಿ. ಇದರಲ್ಲಿ ಹಿಂದೆಮುಂದೆ ನೋಡಬೇಡಿ.

ತಂತಿ ಹೊಳೆಯುತ್ತಿದೆ ಅನ್ನುವುದು ಸಮಾಧಾನದ ಮಾತಲ್ಲ ಮೇಡಂ. ಸ್ಟೇನ್‌ಲೆಸ್ ತಂತಿ ಸಾಮಾನ್ಯವಾಗಿ ಒಂದೇ ದೊಡ್ಡ ಏಟಿಗೆ ಹರಿಯುವುದಿಲ್ಲ. ಸಣ್ಣ ಸಣ್ಣ ಎಳೆತ ಲಕ್ಷಾಂತರ ಸಲ ಬಿದ್ದು, ಲೋಹ ದಣಿದು ಹರಿಯುತ್ತದೆ. ನೀವು ದಡದ ಹತ್ತಿರ ದಿನಕ್ಕೆ ಕೆಲವು ಗಂಟೆ ಓಡಿಸಿ ರಾತ್ರಿ ಲಂಗರು ಹಾಕುತ್ತೀರಿ. ತೆರೆದ ಸಮುದ್ರದಲ್ಲಿ ಆ ವಿರಾಮವೇ ಇಲ್ಲ. ದೋಣಿ ಐದು ಸೆಕೆಂಡಿಗೊಮ್ಮೆ ಹೊಯ್ದಾಡಿದರೆ ದಿನಕ್ಕೆ 17,000 ಸಲಕ್ಕಿಂತ ಹೆಚ್ಚಾಯಿತು. ಹತ್ತು ದಿನಕ್ಕೆ ಲೆಕ್ಕ ಹಾಕಿ. ಪ್ರತಿ ಹೊಯ್ದಾಟಕ್ಕೂ ಒಂದು ಬದಿಯ ಶ್ರೌಡ್ ಬಿಗಿಯುತ್ತದೆ, ಇನ್ನೊಂದು ಬದಿಯದು ಸಡಿಲವಾಗುತ್ತದೆ. ಗಾಳಿ ಬಿದ್ದುಹೋಗಿ ಅಲೆ ಮಾತ್ರ ಉಳಿದಾಗ ಇನ್ನೂ ಕಷ್ಟ. ಮಾಸ್ಟನ್ನು ಒತ್ತಿ ಹಿಡಿಯಲು ಹಾಯಿಯಲ್ಲಿ ಗಾಳಿ ಇರುವುದಿಲ್ಲ. ಅದು ಅತ್ತಿಂದಿತ್ತ ಜಗ್ಗುತ್ತಲೇ ಇರುತ್ತದೆ.

ಆ ಚಹಾ ಬಣ್ಣದ ಕಲೆಗೆ ಬರೋಣ. ಕೆಳತುದಿಯಲ್ಲಿ ತಂತಿ ಹೋಗಿ ಸೇರುವ ಕೊಳವೆ ಇದೆಯಲ್ಲ, ಸ್ವೇಜ್, ಅದರ ಬಾಯಿ ಮೇಲ್ಮುಖವಾಗಿರುತ್ತದೆ. ಉಪ್ಪುನೀರು ತಂತಿ ಹಿಡಿದು ಇಳಿದು ಒಳಗೆ ನಿಲ್ಲುತ್ತದೆ. ಮೇಲಿನ ತುದಿಗಿಂತ ಕೆಳತುದಿ ಬೇಗ ಹಾಳಾಗುವುದು ಇದಕ್ಕೇ. ಒಂದು ಟಿಶ್ಯೂ ಕಾಗದ ತಗೊಳ್ಳಿ. ಸ್ವೇಜ್ ಬಾಯಿಂದ ಒಂದು ಗೇಣು ಮೇಲಿನವರೆಗೆ ತಂತಿಯ ಸುತ್ತ ನಿಧಾನವಾಗಿ ಸವರಿ. ಬರಿಗೈ ಬೇಡ, ಕೊಯ್ಯುತ್ತದೆ. ಎಳೆ ತುಂಡಾಗಿದ್ದರೆ ಕಾಗದ ಸಿಕ್ಕಿಕೊಂಡು ಹರಿಯುತ್ತದೆ. ಈ ತಂತಿಯಲ್ಲಿ ಒಟ್ಟು 19 ಎಳೆ. ಒಂದು ಹೋಗಿದ್ದರೂ ಆ ತಂತಿಯ ಕಥೆ ಮುಗಿಯಿತು. ಆಮೇಲೆ ಸ್ವೇಜ್ ಕೊಳವೆಯನ್ನು ಉಜ್ಜಿ ಒರೆಸಿ ಭೂತಗನ್ನಡಿ ಹಿಡಿದು ನೋಡಿ. ಉದ್ದಕ್ಕೆ ಕೂದಲೆಳೆಯಂಥ ಬಿರುಕು ಇರಬಹುದು.

ಎಲ್ಲರೂ ಮರೆಯುವುದು ಚೈನ್‌ಪ್ಲೇಟ್, ಅಂದರೆ ತಂತಿಯ ಕೆಳತುದಿಯನ್ನು ದೋಣಿಗೆ ಕಟ್ಟಿಹಿಡಿಯುವ ಲೋಹದ ಪಟ್ಟಿ. ನನ್ನ ದೋಣಿಯಲ್ಲಿ ಡೆಕ್ ಮೇಲೆ ಕಾಣುವ ಭಾಗ ಕನ್ನಡಿಯ ಹಾಗಿತ್ತು. ಕ್ಯಾಬಿನ್ ಒಳಗಿನ ಭಾಗವೂ ಚೆನ್ನಾಗಿತ್ತು. ಬಿಚ್ಚಿ ಹೊರಗೆಳೆದಾಗ, ಡೆಕ್‌ನ ದಪ್ಪದೊಳಗೆ ಸೀಲಂಟ್‌ನಲ್ಲಿ ಹೂತಿದ್ದ ಎರಡು ಬೆರಳಗಲದ ಜಾಗ ಮಾತ್ರ ಕಂದಾಗಿ ಗುಳಿಬಿದ್ದಿತ್ತು. ಒಂದು ಗುಳಿಯಿಂದ ಬಿರುಕು ಶುರುವಾಗಿ ಪಟ್ಟಿಯ ಅಗಲದ ಮೂರನೇ ಒಂದು ಭಾಗದವರೆಗೆ ಹೋಗಿತ್ತು. ಸ್ಟೇನ್‌ಲೆಸ್‌ಗೆ ತುಕ್ಕು ತಡೆಯಲು ಆಮ್ಲಜನಕ ಬೇಕು. ಗಾಳಿಯಾಡದ ಜಾಗದಲ್ಲಿ ಒದ್ದೆ ನಿಂತರೆ ಅದರ ಮೇಲಿನ ರಕ್ಷಣೆಯ ಪದರ ಹೋಗುತ್ತದೆ. ಹೊರಗಿನಿಂದ ಎಷ್ಟೇ ನೋಡಿದರೂ ಇದು ಕಾಣುವುದಿಲ್ಲ. ಹೊಸ ತಂತಿ ಹಾಕಿ ಹಳೆಯ ಚೈನ್‌ಪ್ಲೇಟ್ ಹಾಗೇ ಬಿಟ್ಟರೆ ಅರ್ಧ ಕೆಲಸ ಮಾಡಿದ ಹಾಗೆ. ಮೊದಲು ಒಂದನ್ನಾದರೂ ಬಿಚ್ಚಿ ನೋಡಿ.

ಸಾಧ್ಯವಾದರೆ ಮಾಸ್ಟ್ ಇಳಿಸಿಯೇ ಮಾಡಿಸಿ. ತುದಿಯ ರಾಟೆಗಳು, ಸ್ಪ್ರೆಡರ್ (ಶ್ರೌಡ್‌ಗಳನ್ನು ಅಗಲಿಸಿ ಹಿಡಿಯುವ ಅಡ್ಡಕೋಲು) ಬುಡ, ಮಾಸ್ಟಿನ ಪಾದ, ಒಳಗಿನ ವೈರಿಂಗ್, ಎಲ್ಲವನ್ನೂ ನೆಲದ ಮೇಲೆ ಕೂತು ನೋಡಬಹುದು. ಮುಂದಿನ ಹಾಯಿಯನ್ನು ಸುತ್ತಿಡುವ ಫರ್ಲರ್ ಇದ್ದರಂತೂ ಫೋರ್‌ಸ್ಟೇ (ಮಾಸ್ಟನ್ನು ಮುಂದಿನಿಂದ ಹಿಡಿಯುವ ತಂತಿ) ಅದರ ಕೊಳವೆಯೊಳಗೆ ಅಡಗಿರುತ್ತದೆ, ಇಳಿಸದೆ ಕಾಣುವುದೇ ಇಲ್ಲ. ಇನ್ನೊಂದು ಮಾತು, ಟರ್ನ್‌ಬಕಲ್ (ತಂತಿ ಬಿಗಿಮಾಡುವ ತಿರುಪು) ಮೇಲೆ ಟೇಪನ್ನು ಬಿಗಿಯಾಗಿ ಸುತ್ತಿ ಮುಚ್ಚಬೇಡಿ. ಒಳಗೆ ನೀರು ನಿಲ್ಲುತ್ತದೆ. ತಿರುಪು ಸಡಿಲವಾಗದಂತೆ ಹಾಕುವ ಕಾಟರ್ ಪಿನ್ನಿನ ಚೂಪು ತುದಿಗೆ ಒಂದು ತೊಟ್ಟು ಸಿಲಿಕೋನ್ ಸಾಕು.

ಉಪ್ಪುಗಾಳಿ ಬರೆದದ್ದು:

ಹಳೆಹಗ್ಗ ಹೇಳಿದ್ದು ಸರಿ. ಆದರೆ ನಾನಾಗಿದ್ದರೆ ಮೊದಲು ಕೆಳಗೆ ನೋಡುತ್ತಿದ್ದೆ. ಮಾಸ್ಟ್ ಬಿದ್ದ ದೋಣಿ ತೇಲುತ್ತದೆ. ಸೀಕಾಕ್ (ಹಲ್‌ನ ತೂತಿಗೆ ಹಾಕಿದ ನೀರಿನ ಕವಾಟ) ಮುರಿದ ದೋಣಿ ತೇಲುವುದಿಲ್ಲ.

ನೀರಿನ ಮಟ್ಟದ ಕೆಳಗೆ ನಿಮ್ಮ ಹಲ್‌ನಲ್ಲಿ ಎಷ್ಟು ತೂತುಗಳಿವೆ ಅಂತ ಇವತ್ತೇ ಎಣಿಸಿ. ಎಂಜಿನ್ ಕೂಲಿಂಗ್, ಟಾಯ್ಲೆಟ್, ಸಿಂಕ್, ಕಾಕ್‌ಪಿಟ್ ಡ್ರೇನ್. ನೀರಿನಿಂದ ಎರಡು ಅಡಿ ಕೆಳಗೆ ಒಂದೂವರೆ ಇಂಚಿನ ಒಂದೇ ತೂತು ತೆರೆದುಕೊಂಡರೆ ನಿಮಿಷಕ್ಕೆ 100 ಲೀಟರಿಗಿಂತ ಜಾಸ್ತಿ ನೀರು ನುಗ್ಗುತ್ತದೆ. ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಬಿಲ್ಜ್ ಪಂಪಿನ ಮೇಲೆ ಬರೆದ ಅಂಕಿ ನಂಬಿಕೊಂಡು ಕೂರಬೇಡಿ. ನೀರನ್ನು ಎತ್ತರಕ್ಕೆ, ಉದ್ದದ ಪೈಪಿನಲ್ಲಿ ತಳ್ಳುವಾಗ ಅಷ್ಟು ಬರುವುದಿಲ್ಲ.

ನಿಮ್ಮದು ಹಿತ್ತಾಳೆಯ ಸೀಕಾಕೋ, ಕಂಚಿನದೋ ಅಂತ ನೋಡಿ. ಸಾದಾ ಹಿತ್ತಾಳೆಯಲ್ಲಿರುವ ಸತುವನ್ನು ಸಮುದ್ರದ ನೀರು ತಿಂದುಹಾಕುತ್ತದೆ. ಉಳಿಯುವುದು ತೂತುತೂತಾದ ತಾಮ್ರ. ಚಾಕುವಿನ ತುದಿಯಿಂದ ಸ್ವಲ್ಪ ಕೆರೆದಾಗ ಹಳದಿ ಕಂಡರೆ ಸದ್ಯಕ್ಕೆ ಪರವಾಗಿಲ್ಲ. ನಸುಗೆಂಪು ಕಂಡರೆ ಅದನ್ನು ನಂಬಬೇಡಿ. ದೋಣಿಯನ್ನು ಮೇಲೆ ಎಳೆದಿದ್ದಾಗ ಹಿಡಿಕೆ ಹಿಡಿದು ಜೋರಾಗಿ ಅಲ್ಲಾಡಿಸಿ. ಮುರಿಯುವುದಾದರೆ ಅಲ್ಲೇ ಮುರಿಯಲಿ. ಪ್ರತಿ ಸೀಕಾಕ್ ಪಕ್ಕದಲ್ಲೂ ಅದರ ಅಳತೆಯ ಮರದ ಬಿರಡೆಯನ್ನು ದಾರದಿಂದ ಕಟ್ಟಿಡಿ. ಯಾವುದೋ ಡ್ರಾಯರಿನಲ್ಲಿದ್ದರೆ ಕತ್ತಲಲ್ಲಿ ಕೈಗೆ ಸಿಗುವುದಿಲ್ಲ.

ಹಲ್ ಗಟ್ಟಿ ಇದೆ ಅಂದಿದ್ದಾರಲ್ಲ, ಅದು ನಿಜಕ್ಕೂ ದೊಡ್ಡ ವಿಷಯ. 1979ರ ಆಗಸ್ಟ್‌ನ ಫಾಸ್ಟ್‌ನೆಟ್ ರೇಸಿನಲ್ಲಿ 303 ದೋಣಿಗಳು ಹೊರಟಿದ್ದವು. ಬಿರುಗಾಳಿಗೆ ಸಿಕ್ಕಿ ರೇಸಿನಲ್ಲಿದ್ದ 15 ಜನ ತೀರಿಕೊಂಡರು. ಜನ ಬಿಟ್ಟುಹೋದ ದೋಣಿಗಳು 24. ಅವುಗಳಲ್ಲಿ ಮುಳುಗಿದ್ದು 5 ಮಾತ್ರ. ಮಿಕ್ಕವು ಆಮೇಲೆ ತೇಲುತ್ತಾ ಸಿಕ್ಕವು. ಹಾಗಾಗಿ ನೀರು ಒಳಗೆ ಬರುವ ದಾರಿಗಳನ್ನು ಭದ್ರಮಾಡಿ. ಕ್ಯಾಬಿನ್ ಬಾಗಿಲಿನ ಹಲಗೆಗಳು ದೋಣಿ ತಲೆಕೆಳಗಾದರೂ ಬಿದ್ದುಹೋಗದಂತೆ ಒಳಗಿನಿಂದಲೂ ಹೊರಗಿನಿಂದಲೂ ಚಿಲಕ ಇರಲಿ.

ಚುಕ್ಕಾಣಿಯನ್ನೂ ಬಿಡಬೇಡಿ. ಎಮರ್ಜೆನ್ಸಿ ಟಿಲ್ಲರ್ (ಚುಕ್ಕಾಣಿ ತಿರುಗಿಸುವ ತುರ್ತಿನ ಹಿಡಿಕೋಲು) ಲಾಕರಿನಲ್ಲಿದ್ದರೆ ಸಾಲದು. ಒಳ್ಳೆಯ ಗಾಳಿ ಇರುವಾಗ ಹಾಕಿ ಒಂದು ಗಂಟೆ ಓಡಿಸಿ ನೋಡಿ.

ಮಳೆನೀರು ಬರೆದದ್ದು:

ವಾಟರ್‌ಮೇಕರ್ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಇಬ್ಬರಿಗೆ ಹತ್ತು ದಿನ. ಕುಡಿಯಲು, ಅಡುಗೆಗೆ ತಲಾ ನಾಲ್ಕು ಲೀಟರ್ ಹಿಡಿದರೂ 80 ಲೀಟರ್. ತಡವಾದರೆ ಇರಲಿ ಅಂತ ಇನ್ನೂ ಅಷ್ಟು ಇಟ್ಟುಕೊಳ್ಳಿ. ಪಾತ್ರೆ ಸಮುದ್ರದ ನೀರಲ್ಲಿ ತೊಳೆಯಿರಿ. ಇಷ್ಟಕ್ಕೆ ಮೆಷಿನ್ ಬೇಕೇ ಇಲ್ಲ.

ಆದರೆ ಎಲ್ಲಾ ನೀರನ್ನೂ ಒಂದೇ ಟ್ಯಾಂಕಿನಲ್ಲಿ ಇಡಬೇಡಿ. ರಾಬಿನ್ ನಾಕ್ಸ್-ಜಾನ್‌ಸ್ಟನ್ 1968-69ರಲ್ಲಿ ಸುಹೈಲಿ ದೋಣಿಯಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ, 312 ದಿನದಲ್ಲಿ ಭೂಮಿ ಸುತ್ತಿ ಬಂದರಲ್ಲ, ಅವರ ಟ್ಯಾಂಕಿನ ನೀರು ದಾರಿಯಲ್ಲೇ ಕೆಟ್ಟುಹೋಯಿತು. ಹಾಯಿಂದ ಇಳಿದ ಮಳೆನೀರು ಹಿಡಿದುಕೊಂಡು ಮುಂದುವರಿದರು. ದೋಣಿಯ ತಳದ ಕೀಲ್ ಹತ್ತಿರದ ಹಲಗೆ ಸಂದಿಯಿಂದ ನೀರು ಬಂದಾಗ ಸಮುದ್ರಕ್ಕಿಳಿದು ಹತ್ತಿ ತುರುಕಿ ಸರಿಮಾಡಿದವರು ಅವರು. ನಿಮ್ಮ ಟ್ಯಾಂಕಿನ ಜೊತೆಗೆ ನಾಲ್ಕೈದು ಕ್ಯಾನ್‌ಗಳಿಗೂ ನೀರು ಹಂಚಿಡಿ.

ಹಾಗೇ ಡೀಸೆಲ್ ಟ್ಯಾಂಕಿನ ತಳ ಸ್ವಚ್ಛ ಮಾಡಿಸಿ. ವರ್ಷಗಟ್ಟಲೆ ತಣ್ಣಗೆ ಕೂತಿದ್ದ ಕೆಸರು ದೊಡ್ಡ ಅಲೆಗೆ ಕಲಕಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಎಂಜಿನ್ ನಿಲ್ಲುವುದು ಬಂದರಿನ ಬಾಯಲ್ಲಿ, ನಿಮಗೆ ಅದು ತೀರಾ ಬೇಕಾದಾಗಲೇ.

ಕಡಲಹಕ್ಕಿ ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟಿಶ್ಯೂ ಕಾಗದ ಸವರಿದೆವು. ಎಡಬದಿಯ ಹಿಂದಿನ ಲೋಯರ್ ಶ್ರೌಡ್‌ನಲ್ಲಿ ಸಿಕ್ಕಿಕೊಂಡಿತು. ಟಾರ್ಚ್ ಹಿಡಿದು ನೋಡಿದರೆ ಸ್ವೇಜ್ ಬಾಯಲ್ಲೇ ಒಂದು ಎಳೆ ಎದ್ದು ನಿಂತಿದೆ. ನಮ್ಮ ಯಜಮಾನ್ರು ಅವತ್ತಿಂದ ವಾಟರ್‌ಮೇಕರ್ ಮಾತೇ ಎತ್ತಿಲ್ಲ. ಸೀಕಾಕ್‌ಗಳು ಆರು, ಎರಡು ನಸುಗೆಂಪಾಗಿವೆ, ಅವನ್ನು ಬದಲಿಸುತ್ತೇವೆ. ಒಂದೇ ಅನುಮಾನ. ಬೇರೆ ತಂತಿಗಳು ಚೆನ್ನಾಗಿದ್ದರೆ ಈ ಒಂದನ್ನು ಮಾತ್ರ ಬದಲಿಸಿದರೆ ಆಗಲ್ವಾ?

ಹಳೆಹಗ್ಗ ಬರೆದದ್ದು:

ಬೇಡ ಮೇಡಂ. ಎಲ್ಲವೂ ಒಂದೇ ಕಾಲದವು, ಒಂದೇ ಕೆಲಸ ಮಾಡಿದವು. ಇದು ಮೊದಲು ಹೋಯಿತು ಅಷ್ಟೇ. ಹೊಸ ತಂತಿ ಬರುವವರೆಗೆ ಹಾಯಿ ಏರಿಸಬೇಡಿ. ದಡದ ಹತ್ತಿರ ಕೂಡ ಬೇಡ. ಹಳೆಯದರಲ್ಲಿ ಚೆನ್ನಾಗಿರುವ ಉದ್ದದ ತಂತಿಯೊಂದನ್ನು ಸುತ್ತಿ ದೋಣಿಯಲ್ಲೇ ಇಟ್ಟುಕೊಳ್ಳಿ, ತುರ್ತಿಗೆ ಆಗುತ್ತದೆ. ತಂತಿ ಕತ್ತರಿಸುವ ದೊಡ್ಡ ಕಟರ್ ಕೂಡ ಇರಲಿ. ಮಾಸ್ಟ್ ಬಿದ್ದರೆ ಅದು ಹಲ್‌ಗೆ ಗುದ್ದಿ ತೂತು ಮಾಡುವ ಮುಂಚೆ ಕಡಿದು ಬಿಡಬೇಕಾಗಬಹುದು.

ಕೆಲಸವನ್ನು ಹೊರಡುವ ವಾರಕ್ಕೆ ಇಟ್ಟುಕೊಳ್ಳಬೇಡಿ. ಹೊಸ ತಂತಿ ಮೊದಲ ಕೆಲವು ಓಟಗಳಲ್ಲಿ ಸ್ವಲ್ಪ ಹಿಗ್ಗುತ್ತದೆ. ಮಧ್ಯಮ ಗಾಳಿಯಲ್ಲಿ ಎರಡೂ ಬದಿಗೆ ವಾಲಿಸಿ ಓಡಿಸಿ, ಗಾಳಿಮರೆಯ ಬದಿಯ ಶ್ರೌಡ್ ತೂಗಾಡುತ್ತಿದೆಯಾ ನೋಡಿ, ಮಾಸ್ಟಿನ ಹಿಂಬದಿಯ ತೋಡಿನ ಉದ್ದಕ್ಕೂ ಕಣ್ಣಿಟ್ಟು ಅದು ನೇರ ಇದೆಯಾ ನೋಡಿ, ದಡಕ್ಕೆ ಬಂದು ಬಿಗಿ ಮಾಡಿ. ಆಮೇಲೆ ಕಾಟರ್ ಪಿನ್ ಹಾಕಿ. ಚೈನ್‌ಪ್ಲೇಟ್ ಬಿಚ್ಚಿದಾಗ ಏನು ಕಂಡಿತು ಅಂತ ಇಲ್ಲೇ ಬರೆಯಿರಿ, ಫೋಟೋ ಇದ್ದರೆ ಅದನ್ನೂ ಹಾಕಿ.