ಅಪ್‌ಡೇಟ್: ಅಮ್ಮನ ಜೊತೆ ಸೇಂಟ್ ಲೂಯಿಸ್ ಡೌನ್‌ಟೌನ್, ಒಂದೇ ದಿನ

ಕಾರಿಲ್ಲದೆ, ಮಂಡಿನೋವಿನ ಅಮ್ಮನ ಜೊತೆ ಒಂದು ದಿನದಲ್ಲಿ ಅಮೆರಿಕದ ಈ ಊರಿನಲ್ಲಿ ಏನೇನು ನೋಡಬಹುದು ಅಂತ ಕೇಳಿದ್ದೆ. ಹೋಗಿ ಬಂದೆವು.

ಬೆಳಿಗ್ಗೆಯೇ ಗೇಟ್‌ವೇ ಆರ್ಚ್ (ನದಿ ದಡದ ದೊಡ್ಡ ಕಮಾನು ಸ್ಮಾರಕ) ಮುಗಿಸಿ ಅಂದಿದ್ದಿರಿ, ಒಳ್ಳೆಯದೇ ಆಯಿತು. 630 ಅಡಿ ಎತ್ತರ ಅಂತ ಗೊತ್ತಿತ್ತು. ಆದರೆ ಮೇಲೆ ಕರೆದೊಯ್ಯುವ ಡಬ್ಬಿ ಅಷ್ಟು ಚಿಕ್ಕದು ಅಂತ ಯಾರೂ ಹೇಳಲಿಲ್ಲವಲ್ಲ! ಮೊಳಕಾಲಿಗೆ ಮೊಳಕಾಲು ತಾಗಿಸಿ ಐದು ಜನ ಕೂರಬೇಕು. ಗಿಡ್ಡ ಬಾಗಿಲಿಗೆ ನಾನು ತಲೆ ಬಡಿಸಿಕೊಂಡೆ. ಮೇಲೇರುವ ನಾಲ್ಕು ನಿಮಿಷವೂ ಅಮ್ಮ ನನ್ನ ಕೈ ಬಿಡಲಿಲ್ಲ. ಮೇಲೆ ಹೋದ ಮೇಲೆ ಕಿಟಕಿ ಬಿಟ್ಟು ಬರಲಿಲ್ಲ. "ಇದೇನಾ ಮಿಸಿಸಿಪ್ಪಿ? ಮಳೆಗಾಲದ ತುಂಗಭದ್ರೆ ಥರಾನೇ ಇದೆ" ಅಂದರು.

ಎದುರಿಗೇ ಓಲ್ಡ್ ಕೋರ್ಟ್‌ಹೌಸ್. ಗುಲಾಮರಾಗಿದ್ದ ಡ್ರೆಡ್ ಸ್ಕಾಟ್, ಹೆಂಡತಿ ಹ್ಯಾರಿಯಟ್ 1846ರಲ್ಲಿ ಬಿಡುಗಡೆ ಕೋರಿ ದಾವೆ ಹೂಡಿದ್ದು ಇಲ್ಲೇ. 1857ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಸೋತರು. ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ, ಒಂದು ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ.

ಸಿಟಿ ಮ್ಯೂಸಿಯಂ ಬಿಟ್ಟೆವು. ಅಲ್ಲಿನ ಹತ್ತಂತಸ್ತಿನ ಜಾರುಬಂಡೆ ಮಂಡಿನೋವಿನವರಿಗಲ್ಲ, ಅಲ್ವಾ? ಅದರ ಬದಲು ಸಿಟಿಗಾರ್ಡನ್ ಅನ್ನೋ ಶಿಲ್ಪಗಳ ಪಾರ್ಕಿನಲ್ಲಿ ಸುಮ್ನೆ ಕೂತೆವು. ಅದಕ್ಕೆ ಟಿಕೆಟ್ಟೂ ಇಲ್ಲ. ನೆಲದ ಮೇಲೆ ಅಡ್ಡಬಿದ್ದ ದೊಡ್ಡ ಕಂಚಿನ ತಲೆಯ ಶಿಲ್ಪ, ಅದರೆದುರು ನಮ್ಮ ಪುಳಿಯೋಗರೆ ಡಬ್ಬಿ. ಸಂಜೆ ಮೆಟ್ರೋಲಿಂಕ್ ರೈಲು ಹತ್ತಿ ನೇರ ಏರ್‌ಪೋರ್ಟ್‌ಗೆ.